ಆಕ್ಸಿಲರೇಟರ್ ಲ್ಯಾಬಿನಲ್ಲಿ ಪವರ್ ಎಲೆಕ್ಟ್ರಾನಿಕ್ಸ್ ಕೆಲಸ: ಮೊದಲ ವರ್ಷಕ್ಕೊಂದು ಮಾರ್ಗದರ್ಶಿ

ಎಲೆಕ್ಟ್ರಿಕಲ್ ಓದಿ ಮುಗಿಸಿದವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಮೂರು. ಕಣಗಳನ್ನು ಓಡಿಸುವ ಯಂತ್ರದಲ್ಲಿ ನಮಗೇನು ಕೆಲಸ? ಅದಕ್ಕೆ ಫಿಸಿಕ್ಸ್ ಎಷ್ಟು ಗೊತ್ತಿರಬೇಕು? ಸೇರಿದ ಮೇಲೆ ಮೊದಲ ವರ್ಷ ಏನು ಕಲಿಯಬೇಕು? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ಪವರ್ ಸಪ್ಲೈ ಎಂದರೆ ಎಷ್ಟು ವ್ಯಾಟ್, ಎಷ್ಟು ಎಫಿಷಿಯನ್ಸಿ, ಎಷ್ಟು ಖರ್ಚು ಅನ್ನೋದೇ ಲೆಕ್ಕ. ಇಲ್ಲಿ ಎಲ್ಲಕ್ಕಿಂತ ಮುಂಚೆ ಕೇಳುವುದು ಬೇರೆ: ಕರೆಂಟು ಅಲ್ಲಾಡದೆ ನಿಲ್ಲುತ್ತದಾ? ಹೊಸಬರು ಬಂದ ಕೂಡಲೇ ಹೊಸ ಸರ್ಕ್ಯೂಟ್ ವಿನ್ಯಾಸ ಮಾಡಲು ಆತುರಪಡುತ್ತಾರೆ. ಅಷ್ಟು ಅವಸರ ಬೇಡ. ಮೊದಲ ವರ್ಷ ಅಳೆಯುವುದನ್ನು ಕಲಿಯಿರಿ. ಸರಿಯಾಗಿ ಅಳೆಯಲು ಬಾರದವರು ಮಾಡಿದ ಸಪ್ಲೈ ಒಳ್ಳೆಯದೋ ಕೆಟ್ಟದ್ದೋ ಅಂತ ಅವರಿಗೇ ಗೊತ್ತಾಗುವುದಿಲ್ಲ.

1. ಒಳಗೆ ಹೋಗುವ ದಾರಿ

ಇದನ್ನು ಬೇಗ ಮುಗಿಸೋಣ. ನಮ್ಮ ದೇಶದಲ್ಲಿ ಇಂಥ ಕೆಲಸಕ್ಕೆ ಮುಖ್ಯ ಜಾಗಗಳು ಇಂದೋರಿನ ರಾಜಾ ರಾಮಣ್ಣ ಸುಧಾರಿತ ತಂತ್ರಜ್ಞಾನ ಕೇಂದ್ರ (ಆರ್‌ಆರ್‌ಕ್ಯಾಟ್), ಕೋಲ್ಕತ್ತಾದ ವೇರಿಯಬಲ್ ಎನರ್ಜಿ ಸೈಕ್ಲೋಟ್ರಾನ್ ಕೇಂದ್ರ, ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಕೇಂದ್ರ. ಇಂದೋರಿನ ಕೇಂದ್ರಕ್ಕೆ ಹೆಸರು ಬಂದದ್ದು ನಮ್ಮ ತುಮಕೂರಿನ ರಾಜಾ ರಾಮಣ್ಣ ಅವರಿಂದ. ಅಣುಶಕ್ತಿ ಇಲಾಖೆಯ ಕೇಂದ್ರಗಳಿಗೆ ಎಂಜಿನಿಯರುಗಳು ಹೆಚ್ಚಾಗಿ ಬರುವುದು ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ) ತರಬೇತಿ ಶಾಲೆಯ ಒಂದು ವರ್ಷದ ಓಸಿಇಎಸ್ ಕೋರ್ಸ್ ಮೂಲಕ. ಗೇಟ್ ಅಂಕ ಅಥವಾ ಅವರದೇ ಆನ್‌ಲೈನ್ ಪರೀಕ್ಷೆ, ಆಮೇಲೆ ಸಂದರ್ಶನ. ಭಾರತ 2017ರಿಂದ ಯುರೋಪಿನ ಕಣ ಸಂಶೋಧನಾ ಕೇಂದ್ರವಾದ ಸರ್ನ್‌ನ ಸಹ ಸದಸ್ಯ ದೇಶ. ಹಾಗಾಗಿ ಜಿನೀವಾದ ಆ ಕೇಂದ್ರದಲ್ಲಿ ಹೊಸ ಪದವೀಧರರಿಗೆ ಇರುವ ಅವಧಿ ಹುದ್ದೆಗಳಿಗೂ ನೀವು ಅರ್ಜಿ ಹಾಕಬಹುದು.

ಸಂದರ್ಶನಕ್ಕೆ ಹೊಸ ಹೊಸ ಟೋಪಾಲಜಿಗಳನ್ನು (ಸರ್ಕ್ಯೂಟ್ ಜೋಡಣೆಯ ಮಾದರಿಗಳನ್ನು) ಬಾಯಿಪಾಠ ಮಾಡಬೇಡಿ. ಸುರುಳಿಯಲ್ಲಿ ಕರೆಂಟು ಹರಿಯುತ್ತಿರುವಾಗ ಸ್ವಿಚ್ ತೆರೆದರೆ ಏನಾಗುತ್ತದೆ? ಬಕ್ ಕನ್ವರ್ಟರಿನ (ಡಿಸಿ ವೋಲ್ಟೇಜನ್ನು ಇಳಿಸುವ ಸರ್ಕ್ಯೂಟಿನ) ಇಂಡಕ್ಟರ್ ಕರೆಂಟಿನ ಅಲೆ ಹೇಗಿರುತ್ತದೆ? ಈ ಎರಡನ್ನು ಬೋರ್ಡಿನ ಮೇಲೆ ಬರೆದು, ಯಾಕೆ ಹಾಗೆ ಅಂತ ಕೊನೆಯವರೆಗೆ ಹೇಳಬಲ್ಲಿರಾದರೆ ಬುನಾದಿ ಗಟ್ಟಿ ಇದೆ ಎಂದರ್ಥ.

ಎಚ್ಚರಿಕೆ: ಈ ಕೇಂದ್ರಗಳು ಅರ್ಜಿ ತೆಗೆದುಕೊಳ್ಳುವುದು ತಮ್ಮದೇ ಅಧಿಕೃತ ಜಾಲತಾಣದಲ್ಲಿ. ಮಧ್ಯದಲ್ಲಿ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

2. ಯಂತ್ರ ನಿಮ್ಮಿಂದ ಏನು ಕೇಳುತ್ತಿದೆ ಎಂದು ತಿಳಿಯಿರಿ

ಇಂದೋರಿನ ಇಂಡಸ್-2 ಯಂತ್ರವನ್ನೇ ತೆಗೆದುಕೊಳ್ಳಿ. ಸುತ್ತಳತೆ ಸುಮಾರು 172 ಮೀಟರ್ ಇರುವ ಒಂದು ಉಂಗುರ. ಅದರೊಳಗಿನ ನಿರ್ವಾತ ಕೊಳವೆಯಲ್ಲಿ ಎಲೆಕ್ಟ್ರಾನ್‌ಗಳು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಸುತ್ತುತ್ತವೆ. ಭಾಗಾಕಾರ ಮಾಡಿ ನೋಡಿ, ಸೆಕೆಂಡಿಗೆ 17 ಲಕ್ಷಕ್ಕಿಂತ ಜಾಸ್ತಿ ಸುತ್ತು.

ಇವನ್ನು ದಾರಿಯಲ್ಲಿ ಇಡುವುದು ವಿದ್ಯುದಯಸ್ಕಾಂತಗಳು. ಡೈಪೋಲ್ ಮ್ಯಾಗ್ನೆಟ್ ಕಣಗಳನ್ನು ಬಾಗಿಸುತ್ತದೆ. ಕ್ವಾಡ್ರುಪೋಲ್ ಮ್ಯಾಗ್ನೆಟ್ ಮಸೂರದ ಹಾಗೆ, ಚದುರುವ ಕಣಗಳನ್ನು ಒಟ್ಟಿಗೆ ತರುತ್ತದೆ. ಕರೆಕ್ಟರ್ ಎಂಬ ಚಿಕ್ಕ ಮ್ಯಾಗ್ನೆಟ್‌ಗಳು ದಾರಿಯ ಸಣ್ಣಪುಟ್ಟ ತಪ್ಪುಗಳನ್ನು ತಿದ್ದುತ್ತವೆ. ಪ್ರತಿಯೊಂದಕ್ಕೂ ಕರೆಂಟು ಬೇಕು. ಆ ಕರೆಂಟನ್ನು ಕೊಡುವುದು ನಾವು.

ಈಗ ಯೋಚಿಸಿ. ಕರೆಂಟು ಚೂರು ತಪ್ಪಿದರೆ ಎಲೆಕ್ಟ್ರಾನ್ ಚೂರು ಪಕ್ಕಕ್ಕೆ ಸರಿಯುತ್ತದೆ. ಮರುಸುತ್ತಿನಲ್ಲಿ ಅದೇ ಮ್ಯಾಗ್ನೆಟ್, ಅದೇ ತಪ್ಪು. ಸೆಕೆಂಡಿಗೆ 17 ಲಕ್ಷ ಸಲ ಅದೇ ತಪ್ಪನ್ನು ಹಾದು ಹೋಗುವ ಕಣಕ್ಕೆ ಯಾವ ತಪ್ಪೂ ಸಣ್ಣದಲ್ಲ. ಅದಕ್ಕೇ ಇಲ್ಲಿ ಶೇಕಡಾ ಲೆಕ್ಕ ನಡೆಯುವುದಿಲ್ಲ, ಪಿಪಿಎಂ ಲೆಕ್ಕ. ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ. 1000 ಆಂಪಿಯರ್ ಸಪ್ಲೈಯಲ್ಲಿ 10 ಪಿಪಿಎಂ ಎಂದರೆ 10 ಮಿಲಿಆಂಪಿಯರ್.

ಇನ್ನೊಂದು ವಿಷಯ. ಇಂಡಸ್-2ಕ್ಕೆ ಎಲೆಕ್ಟ್ರಾನ್ ಬರುವುದು 550 ಎಂಇವಿ ಶಕ್ತಿಯಲ್ಲಿ (ಎಂಇವಿ ಎಂದರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್, ಸಾವಿರ ಎಂಇವಿಗೆ ಒಂದು ಜಿಇವಿ). ಅದನ್ನು ಉಂಗುರದಲ್ಲೇ 2.5 ಜಿಇವಿವರೆಗೆ, ಅಂದರೆ ನಾಲ್ಕೂವರೆ ಪಟ್ಟು ಏರಿಸಬೇಕು. ಆಗ ಮ್ಯಾಗ್ನೆಟ್ ಸಪ್ಲೈಗಳೆಲ್ಲ ಒಂದೇ ಹೆಜ್ಜೆಯಲ್ಲಿ ಮೇಲೇರಬೇಕು. ಡೈಪೋಲ್ ಮುಂದೆ ಹೋಗಿ ಕ್ವಾಡ್ರುಪೋಲ್ ಹಿಂದೆ ಉಳಿದರೆ ಕಿರಣ ಕಳೆದುಹೋಗುತ್ತದೆ. ಇದಕ್ಕೆ ಟ್ರ್ಯಾಕಿಂಗ್ ಎನ್ನುತ್ತಾರೆ. ನಿಮ್ಮ ಸಪ್ಲೈ ಒಂಟಿಯಾಗಿ ಎಷ್ಟೇ ಚೆನ್ನಾಗಿದ್ದರೂ ಸಾಲದು.

ಫಿಸಿಕ್ಸ್ ಎಷ್ಟು ಬೇಕು ಅನ್ನೋದಕ್ಕೆ ನನ್ನ ಉತ್ತರ ಇಷ್ಟೇ: ಯಾವ ಮ್ಯಾಗ್ನೆಟ್ ತಪ್ಪಿದರೆ ಕಿರಣಕ್ಕೆ ಏನಾಗುತ್ತದೆ ಎಂದು ಹೇಳುವಷ್ಟು. ಉಳಿದದ್ದು ಕಂಟ್ರೋಲ್ ರೂಮಿನಲ್ಲಿ ಕೂತರೆ ಬರುತ್ತದೆ. ಮೊದಲ ತಿಂಗಳಲ್ಲೇ ಅಲ್ಲಿ ಎರಡು ಶಿಫ್ಟ್ ಸುಮ್ನೆ ಕೂತು ನೋಡಿ.

3. ಸಂಗ್ರಹವಾದ ಶಕ್ತಿಗೆ ಮರ್ಯಾದೆ ಕೊಡಿ

ಈ ಹಂತ ಕಲಿಯದೆ ಯಾವ ಪ್ಯಾನೆಲ್ ಬಾಗಿಲನ್ನೂ ತೆಗೆಯಬೇಡಿ.

ಮ್ಯಾಗ್ನೆಟ್ ಎಂದರೆ ದೊಡ್ಡ ಇಂಡಕ್ಟರ್. 1 ಹೆನ್ರಿ ಸುರುಳಿಯಲ್ಲಿ 100 ಆಂಪಿಯರ್ ಹರಿಯುತ್ತಿದೆ ಎಂದುಕೊಳ್ಳಿ. ಒಳಗಿರುವ ಶಕ್ತಿ 5000 ಜೂಲ್. ಈಗ ಒಂದು ಕನೆಕ್ಷನ್ ಸಡಿಲವಾಗಿ ಕರೆಂಟು ಒಂದು ಮಿಲಿಸೆಕೆಂಡಿನಲ್ಲಿ ಸೊನ್ನೆಗೆ ಬರಲು ಹೋದರೆ ಹುಟ್ಟುವ ವೋಲ್ಟೇಜ್ ಲೆಕ್ಕದಲ್ಲಿ 1 ಲಕ್ಷ ವೋಲ್ಟ್. ಅಷ್ಟು ಏರುವ ಮೊದಲೇ ಕಿಡಿ ಹಾರುತ್ತದೆ, ಆ ಕಿಡಿಯಲ್ಲಿ ತಾಮ್ರವೇ ಕರಗುತ್ತದೆ. ಹಾಗಾಗಿ ಸಪ್ಲೈ ಆಫ್ ಆದಾಗ ಕರೆಂಟಿಗೆ ಸುತ್ತಿ ಇಳಿಯಲು ದಾರಿ ಇರಲೇಬೇಕು. ಆ ದಾರಿಯೇ ಫ್ರೀವ್ಹೀಲಿಂಗ್ ಡಯೋಡ್. ಅದನ್ನು ಬಿಚ್ಚಿ ಪರೀಕ್ಷೆ ಮಾಡಿದವರು ಮತ್ತೆ ಜೋಡಿಸಿದ್ದಾರಾ ಎಂದು ನೀವೇ ಕಣ್ಣಾರೆ ನೋಡಿ.

ಕೆಪಾಸಿಟರ್ ಇನ್ನೂ ಮೋಸದ್ದು, ಯಾಕೆಂದರೆ ಅದು ಸದ್ದಿಲ್ಲದೆ ಕೂತಿರುತ್ತದೆ. ಸರ್ನ್‌ನ ಎಲ್‌ಎಚ್‌ಸಿ ಎಂಬ ಬೃಹತ್ ಆಕ್ಸಿಲರೇಟರಿನಲ್ಲಿ ಕ್ವೆಂಚ್ ಹೀಟರ್ ಸಪ್ಲೈಗಳಿವೆ. ಕ್ವೆಂಚ್ ಎಂದರೆ ಸೂಪರ್‌ಕಂಡಕ್ಟರ್ ಸುರುಳಿ ಇದ್ದಕ್ಕಿದ್ದಂತೆ ಮಾಮೂಲಿ ತಂತಿಯಾಗಿ ಬಿಸಿಯಾಗುವುದು. ಆಗ ಒಂದೇ ಜಾಗ ಸುಟ್ಟುಹೋಗದಂತೆ ಇಡೀ ಸುರುಳಿಯನ್ನು ಬಿಸಿ ಮಾಡುವ ಕೆಲಸ ಇವುಗಳದ್ದು. ಇಂಥ ಸಾವಿರಾರು ಸಪ್ಲೈಗಳು ಭಾರತದಿಂದಲೇ ಹೋದವು. ಒಂದೊಂದರಲ್ಲೂ ಸುಮಾರು 7 ಮಿಲಿಫ್ಯಾರಡ್, 900 ವೋಲ್ಟ್. ಲೆಕ್ಕ ಹಾಕಿದರೆ 2800 ಜೂಲ್‌ಗಿಂತ ಜಾಸ್ತಿ. ಇಷ್ಟು ದೊಡ್ಡ ಕೆಪಾಸಿಟರಿಗೆ ಚಾರ್ಜನ್ನು ಮೆಲ್ಲಗೆ ಖಾಲಿ ಮಾಡುವ 10 ಕಿಲೋಓಮ್ ಬ್ಲೀಡರ್ ರೆಸಿಸ್ಟರ್ ಹಾಕಿದ್ದರೆ, ಆಫ್ ಮಾಡಿದ ಮೇಲೆ 50 ವೋಲ್ಟಿಗೆ ಇಳಿಯಲು ಮೂರು ನಿಮಿಷಕ್ಕಿಂತ ಹೆಚ್ಚು ಬೇಕು. ಅದೂ ಬ್ಲೀಡರ್ ಸುಟ್ಟಿಲ್ಲದಿದ್ದರೆ.

ಕ್ಯಾಬಿನೆಟ್ ಒಳಗೆ ಕೈ ಹಾಕುವ ಮುನ್ನ ಈ ಕ್ರಮ ತಪ್ಪಿಸಬೇಡಿ:

ಅ) ಮೇನ್ ಸ್ವಿಚ್ ಆಫ್ ಮಾಡಿ, ನಿಮ್ಮದೇ ಬೀಗ ಹಾಕಿ, ಹೆಸರು ಬರೆದ ಚೀಟಿ ಕಟ್ಟಿ. ಬೀಗದ ಕೈ ನಿಮ್ಮ ಜೇಬಿನಲ್ಲೇ ಇರಲಿ.
ಆ) ಬಾಗಿಲ ಮೇಲೆ ಬರೆದಷ್ಟು ಹೊತ್ತು ಕಾಯಿರಿ.
ಇ) ಮೀಟರನ್ನು ಮೊದಲು ವೋಲ್ಟೇಜ್ ಇದೆ ಎಂದು ಗೊತ್ತಿರುವ ಜಾಗದಲ್ಲಿ ಇಟ್ಟು ನೋಡಿ. ಆಮೇಲೆ ನಿಮ್ಮ ಕೆಪಾಸಿಟರ್. ಆಮೇಲೆ ಮತ್ತೆ ಆ ಗೊತ್ತಿರುವ ಜಾಗ. ಮಧ್ಯದಲ್ಲೇ ಮೀಟರ್ ಕೆಟ್ಟಿದ್ದರೆ ಸೊನ್ನೆ ತೋರಿಸುತ್ತದೆ ಅಲ್ವಾ, ಅದಕ್ಕೆ.
ಈ) ಅರ್ಥಿಂಗ್ ಕೋಲಿನಿಂದ ಶಾರ್ಟ್ ಮಾಡಿ, ಕೆಲಸ ಮುಗಿಯುವ ತನಕ ಹಾಗೇ ಬಿಡಿ. ಮುಟ್ಟಿಸಿ ತೆಗೆದರೆ ಸಾಲದು. ಖಾಲಿ ಮಾಡಿದ ಕೆಪಾಸಿಟರಿನ ಒಳಪದರದಲ್ಲಿ ಉಳಿದ ಚಾರ್ಜ್ ನಿಧಾನವಾಗಿ ಹೊರಬಂದು ಮತ್ತೆ ವೋಲ್ಟೇಜ್ ಕಟ್ಟುತ್ತದೆ.

ಇಂಟರ್‌ಲಾಕ್ ಬಗ್ಗೆಯೂ ಒಂದು ಮಾತು. ಮ್ಯಾಗ್ನೆಟ್ ಬಿಸಿಯಾದರೆ, ತಂಪು ಮಾಡುವ ನೀರು ನಿಂತರೆ, ಬಾಗಿಲು ತೆಗೆದರೆ ಸಪ್ಲೈಯನ್ನು ತಾನಾಗಿ ನಿಲ್ಲಿಸುವ ಸರ್ಕ್ಯೂಟೇ ಇಂಟರ್‌ಲಾಕ್. ಪರೀಕ್ಷೆ ಬೇಗ ಮುಗಿಯಲಿ ಎಂದು ಅದಕ್ಕೊಂದು ತಂತಿ ಜಂಪರ್ ಹಾಕುವ ಆಸೆ ಬರುತ್ತದೆ. ಹಾಕಬೇಡಿ. ಹಾಕಲೇಬೇಕಾದರೆ ಹಿರಿಯರ ಲಿಖಿತ ಒಪ್ಪಿಗೆ, ಕಣ್ಣಿಗೆ ರಾಚುವ ಬಣ್ಣದ ತಂತಿ, ಲಾಗ್ ಬುಕ್ಕಿನಲ್ಲಿ ನಮೂದು, ಮೂರೂ ಬೇಕು.

4. ಅಳೆಯುವುದನ್ನು ಕಲಿಯಿರಿ

ಈ ಕೆಲಸದ ಜೀವಾಳ ಇಲ್ಲಿದೆ, ಸ್ವಲ್ಪ ನಿಧಾನವಾಗಿ ಓದಿ.

ಕರೆಂಟನ್ನು ಪಿಪಿಎಂ ಮಟ್ಟದಲ್ಲಿ ಅಳೆಯಲು ಶಂಟ್ (ಕರೆಂಟು ಹಾಯಿಸಿ ಅದರ ಮೇಲಿನ ವೋಲ್ಟೇಜ್ ಅಳೆಯುವ ಚಿಕ್ಕ ರೆಸಿಸ್ಟರ್) ಸಾಲದು. ಕರೆಂಟು ಹರಿದಂತೆ ಶಂಟ್ ಬಿಸಿಯಾಗುತ್ತದೆ, ಬಿಸಿಯಾದಂತೆ ಅದರ ರೆಸಿಸ್ಟೆನ್ಸ್ ಸರಿಯುತ್ತದೆ. ಅದಕ್ಕೆ ಡಿಸಿಸಿಟಿ (ಡಿಸಿ ಕರೆಂಟ್ ಟ್ರಾನ್ಸ್‌ಫಾರ್ಮರ್) ಬಳಸುತ್ತೇವೆ. ಮುಖ್ಯ ಬಸ್‌ಬಾರ್, ಅಂದರೆ ಕರೆಂಟು ಹರಿಯುವ ದಪ್ಪ ಲೋಹದ ಪಟ್ಟಿ, ಒಂದು ಕೋರಿನ ನಡುವೆ ಹಾದುಹೋಗುತ್ತದೆ. ಕೋರಿನ ಸುತ್ತ ಸಾವಿರಾರು ಸುತ್ತಿನ ಎರಡನೇ ಸುರುಳಿ. ಬಸ್‌ಬಾರ್ ಕೋರಿನಲ್ಲಿ ಹುಟ್ಟಿಸುವ ಫ್ಲಕ್ಸನ್ನು ಸೊನ್ನೆಗೆ ತರುವಷ್ಟು ಎದುರು ಕರೆಂಟನ್ನು ಒಂದು ಆಂಪ್ಲಿಫೈಯರ್ ಈ ಸುರುಳಿಗೆ ಕೊಡುತ್ತದೆ. ತಕ್ಕಡಿಯ ಹಾಗೆ. ಎರಡೂ ತಟ್ಟೆ ಸಮವಾದಾಗ ಎದುರು ಕರೆಂಟನ್ನು ಅಳೆದರೆ ಮುಖ್ಯ ಕರೆಂಟು ಗೊತ್ತಾಗುತ್ತದೆ. ಆ ಚಿಕ್ಕ ಕರೆಂಟು ಹರಿಯುವ ರೆಸಿಸ್ಟರಿಗೆ ಬರ್ಡನ್ ರೆಸಿಸ್ಟರ್ ಎಂದು ಹೆಸರು.

ನಿಮ್ಮ ಸಪ್ಲೈಯ ಗುಣವೆಲ್ಲ ಕೊನೆಗೆ ಆ ಒಂದು ರೆಸಿಸ್ಟರಿನಲ್ಲಿದೆ. ಅಳೆದ ಕರೆಂಟನ್ನು ನೋಡಿ ಸಪ್ಲೈಯನ್ನು ತಿದ್ದುವ ಫೀಡ್‌ಬ್ಯಾಕ್ ಲೂಪ್ ಪಾಪ ಏನು ಮಾಡೀತು? ರೆಸಿಸ್ಟರ್ ಸುಳ್ಳು ಹೇಳಿದರೆ ಲೂಪ್ ಅದನ್ನೇ ನಂಬಿ ಕರೆಂಟನ್ನು ಸರಿಸುತ್ತದೆ. ಡಿಗ್ರಿಗೆ 1 ಪಿಪಿಎಂ ಬದಲಾಗುವ ಒಳ್ಳೆಯ ರೆಸಿಸ್ಟರ್ ಕೂಡ 5 ಡಿಗ್ರಿ ಬಿಸಿಯಾದರೆ 5 ಪಿಪಿಎಂ ಸರಿಯಿತು.

ನನ್ನ ಮೊದಲ ವರ್ಷದ ಒಂದು ಪ್ರಸಂಗ ಹೇಳುತ್ತೇನೆ, ಇದರಿಂದ ನಿಮಗೆ ಮೂರು ದಿನ ಉಳಿಯಬಹುದು. ಟೆಸ್ಟ್ ಬೆಂಚಿನ ಮೇಲಿದ್ದ ಸಪ್ಲೈಯ ಕರೆಂಟು ಹದಿನೈದು ನಿಮಿಷಕ್ಕೊಮ್ಮೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ನಾನು ಮೂರು ದಿನ ಲೂಪ್ ಟ್ಯೂನ್ ಮಾಡುತ್ತಾ ಕೂತೆ. ನಾಲ್ಕನೇ ದಿನ ನಮ್ಮ ಹಿರಿಯರು ಬಂದರು. ಸ್ಕ್ರೀನ್ ನೋಡಲಿಲ್ಲ. ಬರ್ಡನ್ ರೆಸಿಸ್ಟರ್ ಇದ್ದ ಡಬ್ಬಿಯ ಪಕ್ಕ ಅಂಗೈ ಚಾಚಿ ನಿಂತರು. ಗಾಳಿ ತಣ್ಣಗೆ ಬಂತು, ಸ್ವಲ್ಪ ಹೊತ್ತಿಗೆ ನಿಂತಿತು, ಮತ್ತೆ ಬಂತು. ಮೇಲಿದ್ದ ಏಸಿಯ ಕಂಪ್ರೆಸರ್ ಆನ್ ಆಫ್ ಆಗುತ್ತಿತ್ತು. ಡಬ್ಬಿಗೊಂದು ರಟ್ಟಿನ ಮುಚ್ಚಳ ಅಡ್ಡ ಇಟ್ಟರು. ಗ್ರಾಫ್ ನೆಟ್ಟಗಾಯಿತು.

ಹಾಗಾಗಿ ಕರೆಂಟಿನ ಜೊತೆ ಕೋಣೆಯ ಉಷ್ಣತೆಯನ್ನೂ ಒಂದೇ ಗ್ರಾಫಿನಲ್ಲಿ ದಾಖಲಿಸಿ. ಇದನ್ನು ಮೊದಲ ದಿನದಿಂದಲೇ ಅಭ್ಯಾಸ ಮಾಡಿಕೊಳ್ಳಿ.

ಸಾಮಾನ್ಯವಾಗಿ ಎಡವುವ ಇನ್ನಷ್ಟು ಕಡೆಗಳು:

ಎಡಿಸಿ ಬಿಟ್‌ಗಳು. ಎಡಿಸಿ ಎಂದರೆ ಅಳೆದ ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಚಿಪ್. 16 ಬಿಟ್ ಎಡಿಸಿಯ ಒಂದು ಮೆಟ್ಟಿಲು ಸುಮಾರು 15 ಪಿಪಿಎಂ. ಅದನ್ನಿಟ್ಟುಕೊಂಡು 5 ಪಿಪಿಎಂ ಸ್ಥಿರತೆ ಬಂತು ಎಂದು ವರದಿ ಬರೆದರೆ ಯಾರೂ ನಂಬುವುದಿಲ್ಲ. 20 ಬಿಟ್‌ನಲ್ಲಿ ಒಂದು ಮೆಟ್ಟಿಲು ಸುಮಾರು 1 ಪಿಪಿಎಂ.

ಲೋಹಗಳ ಸಂದು. ಎರಡು ಬೇರೆ ಲೋಹಗಳು ಕೂಡುವ ಜಾಗದಲ್ಲಿ ಉಷ್ಣತೆ ವ್ಯತ್ಯಾಸವಿದ್ದರೆ ಕೆಲವು ಮೈಕ್ರೋವೋಲ್ಟ್ ತಾನಾಗಿ ಹುಟ್ಟುತ್ತದೆ. ನಿಮ್ಮ ಪೂರ್ಣ ಸಿಗ್ನಲ್ 1 ವೋಲ್ಟ್ ಆಗಿದ್ದರೆ ಒಂದೊಂದು ಮೈಕ್ರೋವೋಲ್ಟೂ 1 ಪಿಪಿಎಂ.

ಸ್ಕೋಪಿನ (ಆಸಿಲೋಸ್ಕೋಪಿನ) ಅರ್ಥ್ ಕ್ಲಿಪ್. ಹೊಸಬರು ಅತಿ ಹೆಚ್ಚು ಸ್ಫೋಟ ಮಾಡುವುದು ಇಲ್ಲೇ. ಆ ಮೊಸಳೆ ಕ್ಲಿಪ್ ಸ್ಕೋಪಿನ ಮೂಲಕ ನೇರ ಅರ್ಥಿಗೆ ಸೇರಿದೆ. ಬ್ರಿಡ್ಜಿನ ಮೇಲಿನ ಐಜಿಬಿಟಿ ಸ್ವಿಚ್ಚಿನ ಎಮಿಟರಿಗೆ ಅದನ್ನು ಹಚ್ಚಿದರೆ ನೀವು ಆ ಬಿಂದುವನ್ನು ಅರ್ಥಿಗೆ ಶಾರ್ಟ್ ಮಾಡಿದಂತೆ. ಡಿಫರೆನ್ಷಿಯಲ್ ಪ್ರೋಬ್ ಬಳಸಿ. ಸ್ಕೋಪಿನ ಪ್ಲಗ್ಗಿನ ಅರ್ಥ್ ಪಿನ್ ಕಿತ್ತು ಬಳಸುವ ಚಾಳಿ ಕೆಲವು ಕಡೆ ಇದೆ. ಆಗ ಸ್ಕೋಪಿನ ಮೈಯೇ ಲೈವ್ ಆಗುತ್ತದೆ. ಯಾರೇ ಹೇಳಿದರೂ ಮಾಡಬೇಡಿ.

ಬೋಲ್ಟು. ನಗಬೇಡಿ. ಬಸ್‌ಬಾರ್ ಜಾಯಿಂಟಿನಲ್ಲಿ 100 ಮೈಕ್ರೋಓಮ್ ಇದ್ದು 1000 ಆಂಪಿಯರ್ ಹರಿದರೆ ಆ ಒಂದು ಜಾಯಿಂಟಿನಲ್ಲೇ 100 ವ್ಯಾಟ್ ಶಾಖ. ಹಳೆಯ ಬಲ್ಬೊಂದನ್ನು ಬೋಲ್ಟಿನೊಳಗೆ ಉರಿಸಿಟ್ಟ ಹಾಗೆ. 2008ರ ಸೆಪ್ಟೆಂಬರ್ 19ರಂದು ಎಲ್‌ಎಚ್‌ಸಿ ಯಂತ್ರದಲ್ಲಿ ಆದ ದೊಡ್ಡ ಅಪಘಾತಕ್ಕೂ ಎರಡು ಮ್ಯಾಗ್ನೆಟ್‌ಗಳ ನಡುವಿನ ಒಂದು ಕೆಟ್ಟ ಜಾಯಿಂಟೇ ಕಾರಣ. ಕರೆಂಟು ಸುಮಾರು 8.7 ಕಿಲೋಆಂಪಿಯರ್ ಇದ್ದಾಗ ಅದು ಸುಟ್ಟು, ಆರ್ಕ್ ಎದ್ದು, ಹೀಲಿಯಂ ಕೊಳವೆ ತೂತಾಯಿತು. ಯಂತ್ರ ಮತ್ತೆ ನಡೆದದ್ದು 2009ರ ನವೆಂಬರಿನಲ್ಲಿ. ಆದ್ದರಿಂದ ಟಾರ್ಕ್ ರೆಂಚಿನಿಂದಲೇ ಬಿಗಿ ಮಾಡಿ, ಬಿಗಿ ಮಾಡಿದ ಬೋಲ್ಟಿನ ಮೇಲೆ ಪೇಂಟಿನ ಗೆರೆ ಎಳೆಯಿರಿ, ಮೈಕ್ರೋಓಮ್ ಮೀಟರಿನಲ್ಲಿ ಅಳೆದು ಬರೆದಿಡಿ.

5. ಮೊದಲ ಸಪ್ಲೈಯನ್ನು ಚಾಲೂ ಮಾಡುವುದು

ನಿಮಗೆ ಮೊದಲು ಸಿಗುವುದು ಬಹುಶಃ ಕರೆಕ್ಟರ್ ಸಪ್ಲೈ. ಕೆಲವೇ ಆಂಪಿಯರ್, ಆದರೆ ಎರಡೂ ದಿಕ್ಕಿನಲ್ಲಿ. ನಾಲ್ಕು ಸ್ವಿಚ್‌ಗಳ ಎಚ್ ಬ್ರಿಡ್ಜ್. ಕಲಿಯಲು ಇದಕ್ಕಿಂತ ಒಳ್ಳೆಯದು ಸಿಗಲಾರದು. ಕ್ರಮ ಹೀಗಿರಲಿ:

ಮೊದಲು ಕಣ್ಣಿನ ಪರೀಕ್ಷೆ. ಕ್ಯಾಬಿನೆಟ್ ಒಳಗೆ ಟಾರ್ಚ್ ಹಾಕಿ, ಬಿದ್ದ ನಟ್ಟು, ಸೀಳಿದ ತಂತಿಯ ಎಳೆ ಇದೆಯಾ ನೋಡಿ. ಎರಡನೆಯದು ಮೆಗ್ಗರ್ ಪರೀಕ್ಷೆ, ಅಂದರೆ ಇನ್ಸುಲೇಷನ್ ಸರಿ ಇದೆಯೇ ಎಂದು ಹೆಚ್ಚಿನ ವೋಲ್ಟೇಜ್ ಕೊಟ್ಟು ನೋಡುವುದು. ಇದಕ್ಕೆ ಮುಂಚೆ ಕಂಟ್ರೋಲ್ ಕಾರ್ಡ್ ಮತ್ತು ಡಿಸಿಸಿಟಿ ಎಲೆಕ್ಟ್ರಾನಿಕ್ಸನ್ನು ಬಿಚ್ಚಿಡಿ. ಮರೆತು 500 ವೋಲ್ಟ್ ಕೊಟ್ಟರೆ ಅವು ಒಂದೇ ಏಟಿಗೆ ಹೋಗುತ್ತವೆ.

ಮೂರನೆಯದು ಇಂಟರ್‌ಲಾಕ್‌ಗಳು. ಪವರ್ ಕೊಡದೆ, ಕಂಟ್ರೋಲ್ ಮಾತ್ರ ಆನ್ ಮಾಡಿ ಒಂದೊಂದನ್ನೂ ನಿಜವಾಗಿ ಟ್ರಿಪ್ ಮಾಡಿಸಿ. ನೀರಿನಿಂದ ತಂಪಾಗುವ ಸಪ್ಲೈ ಆದರೆ ಫ್ಲೋ ಸ್ವಿಚ್ಚಿನ ತಂತಿ ಎಳೆದು ಟ್ರಿಪ್ ಆಯಿತು ಎಂದು ಟಿಕ್ ಹಾಕಬೇಡಿ. ವಾಲ್ವ್ ತಿರುಗಿಸಿ ನೀರು ಕಡಿಮೆ ಮಾಡಿ. ತಂತಿ ಸರಿ ಇದ್ದು ಸ್ವಿಚ್ಚೇ ತುಕ್ಕು ಹಿಡಿದು ಅಂಟಿಕೊಂಡಿರಬಹುದು.

ನಾಲ್ಕನೆಯದು ಡಮ್ಮಿ ಲೋಡ್, ಅಂದರೆ ಮ್ಯಾಗ್ನೆಟ್ಟಿನ ಬದಲಿಗೆ ಜೋಡಿಸುವುದು. ಮೊದಲು ರೆಸಿಸ್ಟರ್, ಆಮೇಲೆ ಇಂಡಕ್ಟರ್. 10 ಶೇಕಡಾದಿಂದ ಶುರು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಏರಿ. ಸೊನ್ನೆಯನ್ನು ದಾಟುವಾಗ ವಿಶೇಷವಾಗಿ ನೋಡಿ. ಪ್ಲಸ್‌ನಿಂದ ಮೈನಸ್‌ಗೆ ಹೋಗುವಲ್ಲಿ ಅಲೆ ಸೊಟ್ಟಗಾದರೆ ಮೊದಲ ಅನುಮಾನ ಡೆಡ್ ಟೈಮ್ ಮೇಲೆ ಇರಲಿ. ಡೆಡ್ ಟೈಮ್ ಎಂದರೆ ಒಂದೇ ಕಾಲಿನ ಎರಡು ಸ್ವಿಚ್‌ಗಳು ಒಟ್ಟಿಗೆ ಆನ್ ಆಗದಂತೆ ನಡುವೆ ಬಿಡುವ ಬಿಡುವು. ಆಮೇಲೆ ಪೂರ್ತಿ ಕರೆಂಟಿನಲ್ಲಿ ಕನಿಷ್ಠ ಎಂಟು ಗಂಟೆ ಓಡಿಸಿ.

ಕೊನೆಗೆ ನಿಜವಾದ ಮ್ಯಾಗ್ನೆಟ್. ಇಲ್ಲಿ ಪೊಲಾರಿಟಿ ನೋಡದೆ ಹೋಗಬೇಡಿ. ಕಡಿಮೆ ಕರೆಂಟು ಕೊಟ್ಟು, ಹಾಲ್ ಪ್ರೋಬಿನಿಂದ ಕ್ಷೇತ್ರದ ದಿಕ್ಕನ್ನು ಅಳೆದು ನಕ್ಷೆಯ ಜೊತೆ ಹೋಲಿಸಿ. ಎರಡು ಕೇಬಲ್ ಅದಲುಬದಲಾದರೆ ತಿದ್ದಬೇಕಾದ ಕರೆಕ್ಟರ್ ತಪ್ಪನ್ನು ಇಮ್ಮಡಿ ಮಾಡುತ್ತದೆ. ಆ ತಪ್ಪನ್ನು ಆಮೇಲೆ ಕಿರಣ ಹಾಯಿಸಿ ಹುಡುಕಲು ಹೋದರೆ ದಿನಗಟ್ಟಲೆ ಬೇಕಾಗುತ್ತದೆ, ಇಡೀ ಯಂತ್ರವೇ ಕಾಯಬೇಕು.

6. ಲೂಪ್ ಟ್ಯೂನ್ ಮಾಡುವಾಗ ಕಬ್ಬಿಣವನ್ನು ನೆನಪಿಡಿ

ಕಾಲೇಜಿನಲ್ಲಿ ಸ್ವಲ್ಪ ಓವರ್‌ಶೂಟ್ (ಗುರಿ ದಾಟಿ ಹೋಗಿ ಮರಳುವುದು) ಇದ್ದರೂ ಬೇಗ ಸೆಟಲ್ ಆದರೆ ಸಾಕು ಎಂದು ಕಲಿತಿರುತ್ತೇವೆ. ಇಲ್ಲಿ ಓವರ್‌ಶೂಟ್ ಬೇಡವೇ ಬೇಡ. ಮ್ಯಾಗ್ನೆಟ್ಟಿನ ಕಬ್ಬಿಣಕ್ಕೆ ನೆನಪಿದೆ. ಇದಕ್ಕೇ ಹಿಸ್ಟರೆಸಿಸ್ ಎನ್ನುವುದು. 100 ಆಂಪಿಯರಿಗೆ ಕೆಳಗಿನಿಂದ ಏರಿ ಬಂದರೆ ಒಂದು ಕ್ಷೇತ್ರ, 101ಕ್ಕೆ ಹೋಗಿ ಇಳಿದು ಬಂದರೆ ಬೇರೆ ಕ್ಷೇತ್ರ. ಮೀಟರ್ ಎರಡೂ ಸಲ 100 ಎಂದೇ ತೋರಿಸುತ್ತದೆ. ಕಿರಣಕ್ಕೆ ಮಾತ್ರ ವ್ಯತ್ಯಾಸ ಗೊತ್ತು.

ಆದ್ದರಿಂದ ರೆಫರೆನ್ಸನ್ನು (ಸಪ್ಲೈಗೆ ಕೊಡುವ ಗುರಿಯ ಕರೆಂಟನ್ನು) ಒಮ್ಮೆಲೇ ಜಿಗಿಸದೆ ದುಂಡಗಿನ ತುದಿಯ ರ‍್ಯಾಂಪ್ ಕೊಡಿ. ಯಂತ್ರ ಶುರು ಮಾಡುವ ಮುನ್ನ ಮ್ಯಾಗ್ನೆಟ್‌ಗಳನ್ನು ಗೊತ್ತಾದ ಕ್ರಮದಲ್ಲಿ ಮೇಲೆ ಕೆಳಗೆ ಕೆಲವು ಸಲ ಓಡಿಸುತ್ತಾರೆ, ಅದಕ್ಕೆ ಸೈಕ್ಲಿಂಗ್ ಎನ್ನುತ್ತಾರೆ. ಮಧ್ಯದಲ್ಲಿ ನಿಮ್ಮ ಸಪ್ಲೈ ಒಂದು ಸಲ ಟ್ರಿಪ್ ಆದರೂ ಸೈಕ್ಲಿಂಗ್ ಮತ್ತೆ ಮೊದಲಿಂದ. ಆಪರೇಟರುಗಳು ಸಣ್ಣ ಟ್ರಿಪ್ಪಿಗೂ ಯಾಕೆ ಅಷ್ಟು ಬೇಸರ ಮಾಡಿಕೊಳ್ಳುತ್ತಾರೆ ಎಂದು ಈಗ ತಿಳಿಯಿತಲ್ಲ.

7. ರಾತ್ರಿ ಕರೆ ಬಂದಾಗ

ವರ್ಷದ ಕೊನೆಗೆ ನಿಮ್ಮ ಹೆಸರೂ ಕರೆಯುವ ಪಟ್ಟಿಯಲ್ಲಿ ಸೇರುತ್ತದೆ. ಒಂದು ನಿಯಮ ಮನಸ್ಸಿನಲ್ಲಿರಲಿ: ಓದುವ ಮೊದಲು ರೀಸೆಟ್ ಒತ್ತಬೇಡಿ. ಒಂದು ಕಾರಣಕ್ಕೆ ಸಪ್ಲೈ ನಿಂತರೆ ಅದರ ಹಿಂದೆಯೇ ಹತ್ತು ಅಲಾರಂ ಬರುತ್ತವೆ. ಮೊದಲು ಬಂದದ್ದು ಯಾವುದು ಅನ್ನೋದೇ ಮುಖ್ಯ. ರೀಸೆಟ್ ಒತ್ತಿದರೆ ಆ ಸುಳಿವು ಅಳಿಸಿಹೋಗಬಹುದು. ಫೋಟೊ ತೆಗೆಯಿರಿ, ಸಮಯ ಬರೆಯಿರಿ, ಆಮೇಲೆ ರೀಸೆಟ್.

ಲಾಗ್ ಬುಕ್ಕಿನಲ್ಲಿ "ಟ್ರಿಪ್ ಆಯಿತು, ರೀಸೆಟ್ ಮಾಡಿದೆ, ಸರಿಯಾಯಿತು" ಎಂದಷ್ಟೇ ಬರೆದರೆ ಓದಿದವರಿಗೆ ಏನೂ ಸಿಗುವುದಿಲ್ಲ. ಹೀಗೆ ಬರೆಯಿರಿ:

"ರಾತ್ರಿ 2:14. 3ನೇ ಕ್ವಾಡ್ರುಪೋಲ್ ಸಪ್ಲೈ ಟ್ರಿಪ್. ಮೊದಲ ಅಲಾರಂ ನೀರಿನ ಫ್ಲೋ ಕಡಿಮೆ. ಉಳಿದವು ಅದರ ನಂತರ. ಫ್ಲೋ ಮೀಟರ್ ಅಂಚಿನಲ್ಲೇ ಇದೆ, ಪಕ್ಕದ ಎರಡು ಸಪ್ಲೈಗಳಲ್ಲಿ ಸರಿಯಾಗಿದೆ. ರೀಸೆಟ್ 2:31ಕ್ಕೆ, ಸೈಕ್ಲಿಂಗ್ ಮಾಡಿಸಿದೆ. ಕಿರಣ 3:05ಕ್ಕೆ ವಾಪಸ್. ಜಂಪರ್ ಯಾವುದೂ ಹಾಕಿಲ್ಲ. ಬೆಳಗಿನ ಶಿಫ್ಟಿನವರು ಈ ಸಪ್ಲೈಯ ನೀರಿನ ಫಿಲ್ಟರ್ ಬಿಚ್ಚಿ ನೋಡಬೇಕು."